ಆಸ್ಪತ್ರೆಯ ಸೋಂಕು ಬಂದದ್ದು ಎಲ್ಲಿಂದ? ರೋಗಾಣುಗಳ ವಂಶವಾಹಿ ಪತ್ತೆ ಕಾರ್ಯ ಹಾಗೂ ಬೆಳಗಾವಿ, ಖಾನಾಪುರ ಭಾಗದ ರೋಗಿಗಳು

ಬೆಳಗಾವಿ ನಗರದ ನೆಹರು ನಗರವು ಉತ್ತರ ಕರ್ನಾಟಕದ ಪ್ರಮುಖ ವೈದ್ಯಕೀಯ ಪ್ರದೇಶಗಳಲ್ಲಿ ಒಂದಾಗಿರುತ್ತದೆ. 1963ರಲ್ಲಿ ಆರಂಭಗೊಂಡ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ, ಡಾ. ಪ್ರಭಾಕರ ಕೋರೆ ಆಸ್ಪತ್ರೆ ಹಾಗೂ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇದೇ ಪ್ರದೇಶದಲ್ಲಿ ನೆಲೆಗೊಂಡಿವೆ. ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ, ಲೋಂಡಾ, ನಂದಗಡ ಮುಂತಾದ ಕಡೆಗಳಿಂದ ರೋಗಿಗಳು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದಲ್ಲಿ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಬರುವುದು ರೂಢಿಯಲ್ಲಿದೆ. ಹೀಗೆ ಬಂದವರಲ್ಲಿ ಕೆಲವರಿಗೆ, ಬಂದ ಕಾಯಿಲೆ ಗುಣವಾಗುತ್ತಿರುವಾಗಲೇ, ಮತ್ತೊಂದು ಸೋಂಕು ಕಾಣಿಸಿಕೊಳ್ಳುತ್ತದೆ. ಪ್ರಯೋಗಾಲಯದ ಕಲ್ಚರ್ ವರದಿಯಲ್ಲಿ ಬ್ಯಾಕ್ಟೀರಿಯಾವೊಂದರ ಹೆಸರು ಇರುತ್ತದೆ. ಅದರ ಕೆಳಗೆ ಯಾವ ಔಷಧಕ್ಕೆ ಅದು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿ ಇರುತ್ತದೆ. ಆದರೆ ರೋಗಿಯ ಮನೆಯವರು ಕೇಳುವ ಮೊದಲನೆಯ ಪ್ರಶ್ನೆಗೆ ಆ ವರದಿಯಲ್ಲಿ ಉತ್ತರವಿರುವುದಿಲ್ಲ. ಈ ಸೋಂಕು ರೋಗಿಯ ಜೊತೆಯಲ್ಲಿಯೇ ಮನೆಯಿಂದ ಬಂದದ್ದೋ, ಹಿಂದಿನ ಆಸ್ಪತ್ರೆಯಲ್ಲಿ ತಗುಲಿದ್ದೋ, ಅಥವಾ ಇಲ್ಲಿಯೇ ಪಕ್ಕದ ಹಾಸಿಗೆಯಿಂದ ಬಂದದ್ದೋ?

ಈ ಪ್ರಶ್ನೆಗೆ ಉತ್ತರಿಸಬಲ್ಲ ವಿಧಾನವೊಂದು ಕಳೆದ ಹದಿನೈದು ವರ್ಷಗಳಲ್ಲಿ ರೂಪುಗೊಂಡಿದೆ. ಅದರ ಸ್ವರೂಪ, ಕರ್ನಾಟಕದಲ್ಲಿ ಅದರ ಸ್ಥಿತಿ ಹಾಗೂ ಸಾರ್ವಜನಿಕರು ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಲಾಗದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಸರು ಒಂದೇ, ವಂಶ ಬೇರೆ

ಒಂದೇ ವಾರ್ಡಿನ ಇಬ್ಬರು ರೋಗಿಗಳ ವರದಿಯಲ್ಲಿ ‘ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ’ ಎಂಬ ಒಂದೇ ಹೆಸರು ಬಂದಿದೆ ಎಂದುಕೊಳ್ಳೋಣ. ಒಬ್ಬರಿಂದ ಇನ್ನೊಬ್ಬರಿಗೆ ಅದು ಹರಡಿತೆಂದು ಇಷ್ಟರಿಂದಲೇ ಹೇಳಲು ಬರುವುದಿಲ್ಲ. ಒಂದೇ ಗ್ರಾಮದ ಪಹಣಿಯಲ್ಲಿ (ಈ ಭಾಗದವರು ಉತಾರ ಎನ್ನುವ ದಾಖಲೆಯಲ್ಲಿ) ಒಂದೇ ಹೆಸರಿನ ಇಬ್ಬರು ಖಾತೆದಾರರು ಇರುವುದು ಸಾಮಾನ್ಯ. ಅವರು ಒಂದೇ ಮನೆತನದವರೇ ಎಂದು ತಿಳಿಯಲು ತಂದೆಯ ಹೆಸರು, ಸರ್ವೆ ನಂಬರು, ಹಿಸ್ಸಾ ಇವುಗಳನ್ನು ನೋಡಬೇಕಾಗುತ್ತದೆ. ರೋಗಾಣುಗಳ ವಿಷಯದಲ್ಲಿಯೂ ಹಾಗೆಯೇ. ಕ್ಲೆಬ್ಸಿಯೆಲ್ಲಾ ಆರೋಗ್ಯವಂತರ ಕರುಳಿನಲ್ಲಿಯೂ ತೊಂದರೆ ಕೊಡದೆ ಇರಬಲ್ಲ ಜೀವಿ. ಶಸ್ತ್ರಚಿಕಿತ್ಸೆಯ ಗಾಯ, ಮೂತ್ರನಳಿಕೆ, ಉಸಿರಾಟದ ಯಂತ್ರದ ಕೊಳವೆ ಇವುಗಳ ಮೂಲಕ ತನ್ನದಲ್ಲದ ಜಾಗಕ್ಕೆ ಹೋದಾಗ ಅದು ರೋಗಕಾರಕವಾಗುತ್ತದೆ.

ಪ್ರತಿ ಬ್ಯಾಕ್ಟೀರಿಯಾದಲ್ಲಿಯೂ ಅದರ ವಂಶವಾಹಿ ಮಾಹಿತಿ ನಾಲ್ಕು ಅಕ್ಷರಗಳ ಲಿಪಿಯೊಂದರಲ್ಲಿ ಬರೆದಂತೆ ಇರುತ್ತದೆ. ಕ್ಲೆಬ್ಸಿಯೆಲ್ಲಾದ ಈ ಬರಹದ ಉದ್ದ ಸುಮಾರು 55 ಲಕ್ಷ ಅಕ್ಷರಗಳು. ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಇಡೀ ಬರಹದ ನಕಲು ತಯಾರಾಗುತ್ತದೆ. ನಕಲಿನಲ್ಲಿ ಅಪರೂಪಕ್ಕೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಹಾಗೆ ತಪ್ಪಿದ ಅಕ್ಷರ ಮುಂದಿನ ನಕಲುಗಳಲ್ಲಿಯೂ ಹಾಗೆಯೇ ಮುಂದುವರಿಯುತ್ತದೆ. ಹಳೆಯ ದಾಖಲೆಗಳನ್ನು ಕೈಬರಹದಲ್ಲಿ ನಕಲು ಮಾಡುತ್ತಿದ್ದ ಕಾಲದಲ್ಲಿ, ಒಂದೇ ತಪ್ಪು ಎರಡು ಪ್ರತಿಗಳಲ್ಲಿ ಕಂಡುಬಂದರೆ ಎರಡೂ ಒಂದೇ ಮೂಲದಿಂದ ಬಂದವು ಎಂದು ಗುಮಾಸ್ತರು ಊಹಿಸುತ್ತಿದ್ದರಲ್ಲ, ಇದೂ ಅದೇ ತರ್ಕ. ಇಬ್ಬರು ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾಗಳ ನಡುವೆ ಕೆಲವೇ ಅಕ್ಷರಗಳ ವ್ಯತ್ಯಾಸವಿದ್ದರೆ ಅವು ಸಮೀಪದ ಸಂಬಂಧಿಗಳು. ಇತ್ತೀಚೆಗೆ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಹೆಚ್ಚು. ಸಾವಿರಾರು ಅಕ್ಷರಗಳ ವ್ಯತ್ಯಾಸವಿದ್ದರೆ, ಹಾಸಿಗೆಗಳು ಅಕ್ಕಪಕ್ಕದಲ್ಲಿದ್ದರೂ, ಒಬ್ಬರ ಸೋಂಕಿಗೂ ಇನ್ನೊಬ್ಬರ ಸೋಂಕಿಗೂ ಸಂಬಂಧವಿಲ್ಲ.

‘ಜೀನೋಮ್ ಸೀಕ್ವೆನ್ಸಿಂಗ್’ ಎಂಬ ಮಾತು ಕೋವಿಡ್ ಕಾಲದಲ್ಲಿ ಮನೆಮನೆಗೂ ತಲುಪಿರುತ್ತದೆ. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಬಗ್ಗೆ 2021ರ ಡಿಸೆಂಬರ್ 2ರಂದು ಪ್ರಕಟಣೆ ಹೊರಡಿಸಲಾಯಿತು. ಅದು ಸಾಧ್ಯವಾದದ್ದು ಇದೇ ವಿಧಾನದಿಂದ. ಆದರೆ ಕೊರೊನಾ ವೈರಾಣುವಿನ ಬರಹ ಕೇವಲ 30 ಸಾವಿರ ಅಕ್ಷರಗಳದ್ದು. ಬ್ಯಾಕ್ಟೀರಿಯಾದ ಬರಹ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಮೇಲಾಗಿ ಬ್ಯಾಕ್ಟೀರಿಯಾವನ್ನು ಮೊದಲು ಪ್ರಯೋಗಾಲಯದಲ್ಲಿ ಬೆಳೆಸಿ, ಶುದ್ಧವಾಗಿ ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಆದಕಾರಣ ಕೋವಿಡ್ ಸಂದರ್ಭದಲ್ಲಿ ಸ್ಥಾಪಿತವಾದ ಸೌಲಭ್ಯಗಳು ಹಾಗೆಯೇ ಈ ಕೆಲಸಕ್ಕೆ ಒದಗುತ್ತವೆ ಎಂದು ಭಾವಿಸುವುದು ಸರಿಯಲ್ಲ.

ಪತ್ತೆ ಕಾರ್ಯ ತೋರಿಸಿಕೊಟ್ಟದ್ದು

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಸ್ಪತ್ರೆಗೆ 2011ರ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಿಂದ ರೋಗಿಯೊಬ್ಬರನ್ನು ವರ್ಗಾಯಿಸಲಾಯಿತು. ಔಷಧಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಅವರಲ್ಲಿ ಇದೆಯೆಂದು ಮೊದಲೇ ತಿಳಿದಿದ್ದುದರಿಂದ ಅವರನ್ನು ಪ್ರತ್ಯೇಕವಾಗಿ ಇರಿಸಲಾಗಿತ್ತು. ಜುಲೈ ಮಧ್ಯದಲ್ಲಿ ಅವರು ಬಿಡುಗಡೆಯಾದರು. ಮೂರು ವಾರಗಳವರೆಗೆ ಯಾವ ಪ್ರಕರಣವೂ ಇರಲಿಲ್ಲ. ಬಳಿಕ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಕಂಡುಬಂದು, ಒಬ್ಬರ ನಂತರ ಒಬ್ಬರಂತೆ ಒಟ್ಟು 18 ಮಂದಿಗೆ ತಗುಲಿತು. ಅವರಲ್ಲಿ 11 ಮಂದಿ ಮೃತಪಟ್ಟರು. 6 ಸಾವುಗಳಿಗೆ ಈ ಸೋಂಕೇ ಕಾರಣವೆಂದು ನಿರ್ಧರಿಸಲಾಯಿತು. ನಡುವೆ ಮೂರು ವಾರಗಳ ಅಂತರವಿದ್ದುದರಿಂದ ಎರಡನೆಯ ಪ್ರಕರಣ ಹೊರಗಿನಿಂದ ಹೊಸದಾಗಿ ಬಂದದ್ದೆಂದು ತಿಳಿಯಲು ಅವಕಾಶವಿತ್ತು. ವಂಶವಾಹಿ ಅನುಕ್ರಮದ ಹೋಲಿಕೆಯಿಂದ, ಇಡೀ ಸರಣಿಯು ಮೊದಲ ರೋಗಿಯಿಂದ ಮೂರು ಪ್ರತ್ಯೇಕ ಸಂದರ್ಭಗಳಲ್ಲಿ ಹೊರಟಿತ್ತೆಂದು ತಿಳಿದುಬಂತು. ರೋಗಲಕ್ಷಣವಿಲ್ಲದೆ ರೋಗಾಣುವನ್ನು ಹೊತ್ತಿದ್ದವರ ಮೂಲಕ ಅದು ಗುಪ್ತವಾಗಿ ಸಾಗಿತ್ತು. ಕೈತೊಳೆಯುವ ಬೇಸಿನ್ನುಗಳ ಕೊಳವೆಗಳಲ್ಲಿ ಹಾಗೂ ಸ್ವಚ್ಛಗೊಳಿಸಲಾಗಿದ್ದ ಉಸಿರಾಟದ ಯಂತ್ರವೊಂದರಲ್ಲಿಯೂ ಅದೇ ಬ್ಯಾಕ್ಟೀರಿಯಾ ದೊರೆಯಿತು. ಈ ವಿವರಗಳು 2012ರ ಆಗಸ್ಟ್‌ನಲ್ಲಿ ಪ್ರಕಟವಾದವು. ಸಾಕಷ್ಟು ಅನುಕೂಲವಿರುವ ಆಸ್ಪತ್ರೆಯೊಂದು ಇದನ್ನು ಮುಚ್ಚಿಡದೆ ಪ್ರಕಟಿಸಿತೆಂಬುದು ಈ ಪ್ರಕರಣದ ಗಮನಿಸಬೇಕಾದ ಅಂಶ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 2011ರಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವೊಂದರಲ್ಲಿ ಆರು ತಿಂಗಳ ಅವಧಿಯಲ್ಲಿ 12 ಶಿಶುಗಳಲ್ಲಿ ಔಷಧ ನಿರೋಧಕ ಸ್ಟೆಫಿಲೊಕಾಕಸ್ ಕಂಡುಬಂದಿತ್ತು. ಎಂದಿನ ವಿಚಾರಣೆಯಿಂದ ಇವು ಒಂದಕ್ಕೊಂದು ಸಂಬಂಧಿಸಿದವೇ ಎಂದು ಖಚಿತವಾಗಲಿಲ್ಲ. ಅನುಕ್ರಮವನ್ನು ಓದಿದಾಗ, ಘಟಕದ ಹೊರಗೆ ತಾಯಂದಿರ ವಾರ್ಡಿನಲ್ಲಿ ಹಾಗೂ ಊರಿನಲ್ಲಿಯೂ ಸೇರಿ ಒಟ್ಟು 26 ಪ್ರಕರಣಗಳು ಒಂದೇ ವಂಶಕ್ಕೆ ಸೇರಿದವೆಂದು ತಿಳಿಯಿತು. ಕೊನೆಯ ಶಿಶು ಘಟಕದಿಂದ ಹೋಗಿ 64 ದಿನಗಳಾದ ಮೇಲೆ ಮತ್ತೊಂದು ಪ್ರಕರಣ ಬಂದಾಗ 154 ಸಿಬ್ಬಂದಿಯನ್ನು ಪರೀಕ್ಷಿಸಲಾಯಿತು. ಒಬ್ಬರು ಅರಿವಿಲ್ಲದೆ ಆ ಬ್ಯಾಕ್ಟೀರಿಯಾವನ್ನು ಹೊತ್ತಿದ್ದರು. ಉಳಿದ 153 ಮಂದಿಯ ಮೇಲಿನ ಸಂಶಯ ಅಲ್ಲಿಗೆ ಮುಗಿಯಿತೆಂಬುದನ್ನೂ ಲಾಭವೆಂದೇ ಎಣಿಸಬೇಕು.

ಕರ್ನಾಟಕದ ಅನುಭವ

ನಮ್ಮ ರಾಜ್ಯದಲ್ಲಿ ಈ ಕೆಲಸದ ಪ್ರಮುಖ ಕೇಂದ್ರ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯ. (ಕಿಮ್ಸ್ ಎಂದೊಡನೆ ಈ ಭಾಗದವರಿಗೆ ಹುಬ್ಬಳ್ಳಿಯ ಆಸ್ಪತ್ರೆ ನೆನಪಾಗುವುದು ಸಹಜ, ಇದು ಅದಲ್ಲ.) ಔಷಧ ನಿರೋಧಕ ರೋಗಾಣುಗಳ ಮೇಲೆ ವಂಶವಾಹಿ ವಿಧಾನದಿಂದ ನಿಗಾ ಇಡುವ ಅಂತರರಾಷ್ಟ್ರೀಯ ಯೋಜನೆಯೊಂದರಲ್ಲಿ ಈ ಪ್ರಯೋಗಾಲಯವು ಭಾರತದ ಪಾಲುದಾರನಾಗಿತ್ತು. ದೇಶದ 8 ಕೇಂದ್ರಗಳಲ್ಲಿ 2013ರಿಂದ 2019ರವರೆಗೆ ರೋಗಿಗಳಿಂದ ಸಂಗ್ರಹಿಸಲಾಗಿದ್ದ 344 ಕ್ಲೆಬ್ಸಿಯೆಲ್ಲಾ ಮಾದರಿಗಳನ್ನು ಪರೀಕ್ಷಿಸಿದ ಅದರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಗುಣಮಟ್ಟದ ತಪಾಸಣೆಯಲ್ಲಿ ಉಳಿದ 325 ಮಾದರಿಗಳ ಪೈಕಿ 307 ಮಾತ್ರ ನಿಜವಾದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಉಳಿದ 18 ಅದರ ದಾಯಾದಿ ಪ್ರಭೇದಗಳು. ಅಂದರೆ ಹೆಸರಿನ ಮಟ್ಟದಲ್ಲಿಯೇ ಸ್ವಲ್ಪ ಗೊಂದಲವಿತ್ತು. ಆ 307ರಲ್ಲಿ 28 ವಂಶಗಳು ಕಂಡುಬಂದವು. 231 ಎಂಬ ಸಂಖ್ಯೆಯಿಂದ ಗುರುತಿಸಲಾಗುವ ವಂಶವೇ ಅವುಗಳಲ್ಲಿ ಪ್ರಧಾನವಾಗಿತ್ತು. ತೀವ್ರ ನಿಗಾ ಘಟಕಗಳಲ್ಲಿ ಕೊನೆಯ ಆಸರೆಯೆಂದು ಬಳಸಲಾಗುವ ಕಾರ್ಬಪೆನೆಮ್ ಔಷಧಗಳನ್ನು ನಾಶಪಡಿಸುವ ಒಂದು ಬಗೆಯ ವಂಶವಾಹಿ ಶೇ. 73.2ರಷ್ಟು ಮಾದರಿಗಳಲ್ಲಿಯೂ, ಎನ್‌ಡಿಎಂ ಎಂಬ ಇನ್ನೊಂದು ಬಗೆ ಶೇ. 24.4ರಷ್ಟು ಮಾದರಿಗಳಲ್ಲಿಯೂ ಇದ್ದವು.

ಇದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. 231ನೆಯ ವಂಶವು ದೇಶದ ಹಲವೆಡೆ ವ್ಯಾಪಿಸಿರುವಾಗ, ಇಬ್ಬರು ರೋಗಿಗಳಲ್ಲಿ ಅದೇ ವಂಶ ಕಂಡಿತೆಂದು ಒಬ್ಬರಿಂದೊಬ್ಬರಿಗೆ ಹರಡಿತೆನ್ನುವುದು ತಪ್ಪಾದೀತು. ವಂಶದ ಸಂಖ್ಯೆ ಗ್ರಾಮದ ಹೆಸರಿದ್ದಂತೆ. ಮನೆಯನ್ನು ಗುರುತಿಸಲು ಅಕ್ಷರಶಃ ಹೋಲಿಕೆಯೇ ಬೇಕು.

ಪರಿಸ್ಥಿತಿಯ ಗಾಂಭೀರ್ಯ ಅಂಕಿ ಅಂಶಗಳಿಂದ ಸ್ಪಷ್ಟವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನಿಗಾ ಜಾಲದ ವರದಿಯಂತೆ, ಕಾರ್ಬಪೆನೆಮ್ ಗುಂಪಿನ ಇಮಿಪೆನೆಮ್ ಔಷಧಕ್ಕೆ ಬಗ್ಗುತ್ತಿದ್ದ ಕ್ಲೆಬ್ಸಿಯೆಲ್ಲಾದ ಪ್ರಮಾಣ 2017ರಲ್ಲಿ ಶೇ. 58.5 ಇದ್ದುದು 2023ರಲ್ಲಿ ಶೇ. 35.6ಕ್ಕೆ ಇಳಿದಿದೆ. ಇವು ಮುಖ್ಯವಾಗಿ ದೊಡ್ಡ ಆಸ್ಪತ್ರೆಗಳ ಅಂಕಿಗಳು. ಅಲ್ಲಿಗೆ ಬರುವವರಲ್ಲಿ ಬಹುತೇಕರು ಬೇರೆಡೆ ಚಿಕಿತ್ಸೆ ಪಡೆದು, ಔಷಧಗಳನ್ನು ಸೇವಿಸಿ ಬಂದವರಾದ್ದರಿಂದ ಇವನ್ನು ಇಡೀ ಸಮಾಜಕ್ಕೆ ಅನ್ವಯಿಸಿ ಹೆದರಬೇಕಾಗಿಲ್ಲ. ಆದರೆ ನೆಹರು ನಗರದಂತಹ ಪ್ರದೇಶಕ್ಕೆ ವರ್ಗಾವಣೆಯಾಗಿ ಬರುವ ರೋಗಿಗೆ ಅನ್ವಯಿಸುವ ಅಂಕಿ ಇದೇ.

ರೋಗಿಯೊಡನೆ ರೋಗಾಣುವಿನ ಪ್ರಯಾಣ

ಖಾನಾಪುರ ತಾಲ್ಲೂಕು ಗಡಿಯ ತಾಲ್ಲೂಕು. ಒಂದೇ ಕುಟುಂಬದವರು ಒಂದು ಕಾಯಿಲೆಗೆ ಬೆಳಗಾವಿಗೂ, ಇನ್ನೊಂದಕ್ಕೆ ಗೋವಾದ ಬಾಂಬೋಳಿಗೂ, ಮತ್ತೊಂದಕ್ಕೆ ಹುಬ್ಬಳ್ಳಿಗೋ ಮಿರಜಿಗೋ ಹೋಗಿಬರುವುದುಂಟು. ರೋಗಿ ಹೋದಲ್ಲೆಲ್ಲ ಅವರ ಕರುಳಿನ ಬ್ಯಾಕ್ಟೀರಿಯಾವೂ ಹೋಗುತ್ತದೆ. ಯುರೋಪಿನ 32 ದೇಶಗಳ 244 ಆಸ್ಪತ್ರೆಗಳಿಂದ ಪಡೆದ 1,717 ಕ್ಲೆಬ್ಸಿಯೆಲ್ಲಾ ಮಾದರಿಗಳ ಅನುಕ್ರಮವನ್ನು ಹೋಲಿಸಿ 2019ರಲ್ಲಿ ಪ್ರಕಟಿಸಲಾದ ಅಧ್ಯಯನವು ಇದನ್ನೇ ಹೇಳಿತು. ಕಾರ್ಬಪೆನೆಮ್ ನಾಶಕ ಬ್ಯಾಕ್ಟೀರಿಯಾ ದೊರೆತ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳೊಳಗೆ ರೋಗಿಯಿಂದ ರೋಗಿಗೆ ಹರಡಿರುವ ಸಾಧ್ಯತೆ ಕಂಡಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡುವುದು ದೇಶಗಳ ನಡುವೆ ವಿರಳವಾಗಿ, ಒಂದೇ ದೇಶದೊಳಗೆ ಬಹಳ ಹೆಚ್ಚಾಗಿ ಕಂಡಿತು. ನಮ್ಮಲ್ಲಿ ರಾಜ್ಯಗಳ ಗಡಿ ಸೂಕ್ಷ್ಮಾಣುವಿಗೆ ತಿಳಿಯುವುದಿಲ್ಲ. ಆದರೆ ರೋಗಿಯ ದಾಖಲೆಗಳು ಮಾತ್ರ ಆ ಗಡಿಯಲ್ಲಿ ನಿಂತುಬಿಡುತ್ತವೆ. ಲೇಖಕರ ಅಭಿಪ್ರಾಯದಲ್ಲಿ ಈ ಭಾಗದ ನಿಜವಾದ ಕೊರತೆ ಯಂತ್ರದ್ದಲ್ಲ, ಇದು.

ತಾಯಂದಿರ ವಿಷಯದಲ್ಲಿ ಬೆಳಗಾವಿಗೆ ಈಗಾಗಲೇ ಒಂದು ಸ್ಥಾನವಿದೆ. ಹೆರಿಗೆಯ ವೇಳೆ ಅಜಿತ್ರೊಮೈಸಿನ್ ಔಷಧದ 2 ಗ್ರಾಂ ಒಂದೇ ಡೋಸ್ ನೀಡಿದರೆ ನಂಜು ತಗ್ಗುವುದೇ ಎಂದು ತಿಳಿಯಲು ಏಳು ದೇಶಗಳಲ್ಲಿ 29,278 ಗರ್ಭಿಣಿಯರನ್ನು ಒಳಗೊಂಡು ನಡೆದ ಅಧ್ಯಯನದಲ್ಲಿ ಭಾರತದಿಂದ ಬೆಳಗಾವಿ ಹಾಗೂ ನಾಗಪುರ ಭಾಗವಹಿಸಿದ್ದವು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಂದಿರಲ್ಲಿ ನಂಜು ಅಥವಾ ಮರಣದ ಪ್ರಮಾಣ ಶೇ. 2.4ರಿಂದ ಶೇ. 1.6ಕ್ಕೆ ಇಳಿಯಿತು, ಶಿಶುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತಾಯಂದಿರ ಮಟ್ಟಿಗೆ ಇದು ದೊಡ್ಡ ಲಾಭವೇ. ಆದರೆ ಒಂದು ಔಷಧವನ್ನು ಎಲ್ಲ ಹೆರಿಗೆಗಳಲ್ಲಿ ಬಳಸತೊಡಗಿದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆಯೇ ಎಂಬುದನ್ನು ವರ್ಷಗಟ್ಟಲೆ ನೋಡುತ್ತಿರಬೇಕಾಗುತ್ತದೆ. ಹಾಗೆ ನೋಡುವ ಸಾಧನಗಳಲ್ಲಿ ವಂಶವಾಹಿ ಪತ್ತೆಯೂ ಒಂದು.

ಮಿತಿಗಳು

ಮೊದಲನೆಯದಾಗಿ, ಔಷಧ ನಿರೋಧಕ ವಂಶವಾಹಿಗಳು ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಉಂಗುರಗಳ ಮೇಲಿರುತ್ತವೆ. ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೆ ಈ ಉಂಗುರಗಳು ದಾಟಬಲ್ಲವು. ಆಗ ಇಬ್ಬರು ರೋಗಿಗಳ ಬ್ಯಾಕ್ಟೀರಿಯಾಗಳು ಬೇರೆ ಬೇರೆಯಾಗಿದ್ದರೂ ಅಪಾಯ ಒಂದೇ ಕಡೆಯಿಂದ ಬಂದಿರಬಹುದು. ಎರಡನೆಯದಾಗಿ, ಇಬ್ಬರಲ್ಲಿ ಒಂದೇ ವಂಶ ಕಂಡರೂ ಯಾರಿಂದ ಯಾರಿಗೆ ಎಂಬುದು ಯಾವಾಗಲೂ ತಿಳಿಯುವುದಿಲ್ಲ. ಇಬ್ಬರಿಗೂ ಮೂರನೆಯ ಮೂಲದಿಂದ ಬಂದಿರಬಹುದು. ವಾರ್ಡಿನಲ್ಲಿ ಯಾರು ಯಾವ ದಿನ ಯಾವ ಹಾಸಿಗೆಯಲ್ಲಿದ್ದರು ಎಂಬ ದಾಖಲೆಯೊಡನೆ ಓದಿದಾಗ ಮಾತ್ರ ಅನುಕ್ರಮಕ್ಕೆ ಅರ್ಥ ಬರುತ್ತದೆ. ಸೋಂಕು ಹರಡಿತೆಂದು ಸಾಬೀತಾದರೂ ಅದು ನಿರ್ಲಕ್ಷ್ಯವೆಂದು ಸಾಬೀತಾದಂತೆ ಅಲ್ಲ. ಬೆಥೆಸ್ಡಾದಲ್ಲಿ ರೋಗಿಯನ್ನು ಮೊದಲ ದಿನದಿಂದಲೇ ಪ್ರತ್ಯೇಕವಾಗಿ ಇರಿಸಲಾಗಿತ್ತು.

ಎಲ್ಲಕ್ಕಿಂತ ಮುಖ್ಯವಾದ ಮಿತಿ ಬಹಳ ಸರಳವಾದದ್ದು. ಹೋಲಿಸಬೇಕಾದ ಬ್ಯಾಕ್ಟೀರಿಯಾ ಉಳಿದಿರಬೇಕು. ದಿನನಿತ್ಯದ ಪ್ರಯೋಗಾಲಯದಲ್ಲಿ ವರದಿ ನೀಡಿದ ಕೆಲವೇ ದಿನಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಸಾಮಾನ್ಯವಾಗಿ ನಾಶಪಡಿಸಲಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ ಆಗಿದ್ದು, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂತಹ ತ್ಯಾಜ್ಯವನ್ನು ಆಸ್ಪತ್ರೆಯಲ್ಲಿಯೇ ನಿಷ್ಕ್ರಿಯಗೊಳಿಸಿ ಹೊರಕಳುಹಿಸತಕ್ಕದ್ದು. ಆದರೆ ಸಂಶಯಾಸ್ಪದ ಮಾದರಿಗಳನ್ನು ಬೇರೆಯಾಗಿ ಗ್ಲಿಸರಾಲ್ ದ್ರಾವಣದಲ್ಲಿ ಅತಿಶೀತಲ ಪೆಟ್ಟಿಗೆಯಲ್ಲಿ ಕಾಪಾಡಿಡದಿದ್ದಲ್ಲಿ, ಎರಡು ತಿಂಗಳ ಬಳಿಕ ಎಷ್ಟೇ ದೊಡ್ಡ ವಿಚಾರಣೆ ನಡೆದರೂ ಓದಲು ಏನೂ ಇರುವುದಿಲ್ಲ. ಬೆಂಗಳೂರಿನ ಅಧ್ಯಯನಕ್ಕೆ 2013ರ ಮಾದರಿಗಳು ದೊರೆತದ್ದು ಯಾರೋ ಅವನ್ನು ಅಂದು ಜೋಪಾನವಾಗಿ ಇಟ್ಟಿದ್ದರಿಂದ. ಸೀಕ್ವೆನ್ಸಿಂಗ್ ಯಂತ್ರಕ್ಕೆ ಹೋಲಿಸಿದರೆ ಅತಿಶೀತಲ ಪೆಟ್ಟಿಗೆಯೂ, ಅದರ ಕ್ರಮಬದ್ಧ ವಹಿಯೂ ಅಗ್ಗದ ವಸ್ತುಗಳು. ಜಿಲ್ಲಾ ಮಟ್ಟದಲ್ಲಿ ಮೊದಲು ಬೇಕಾಗಿರುವುದು ಇವೇ.

ಅರ್ಜಿ ಸಲ್ಲಿಸುವವರ ಗಮನಕ್ಕೆ

ವಂಶವಾಹಿ ಪತ್ತೆಯು ರಕ್ತಪರೀಕ್ಷೆ ಅಥವಾ ಕ್ಷ-ಕಿರಣದಂತೆ ರೋಗಿಯು ಕೋರಿ ಪಡೆಯುವ ಸೇವೆಯಲ್ಲ. ಸೋಂಕು ನಿಯಂತ್ರಣಕ್ಕಾಗಿ ಆಸ್ಪತ್ರೆಗಳೂ, ಅಧ್ಯಯನಕ್ಕಾಗಿ ಸಂಶೋಧನಾ ಸಂಸ್ಥೆಗಳೂ ಅದನ್ನು ಕೈಗೊಳ್ಳುತ್ತವೆ. ರೋಗಿಯ ಅಂದಿನ ಚಿಕಿತ್ಸೆ ನಿರ್ಧಾರವಾಗುವುದು ಎಂದಿನ ಕಲ್ಚರ್ ಮತ್ತು ಔಷಧ ಸಂವೇದನೆಯ ವರದಿಯಿಂದಲೇ. ಆದುದರಿಂದ ‘ಸೀಕ್ವೆನ್ಸಿಂಗ್ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹಣ ಕೇಳಿದಲ್ಲಿ, ಅದು ಚಿಕಿತ್ಸೆಗೆ ಅಗತ್ಯವೇ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ವಿಚಾರಿಸುವುದು ಸೂಕ್ತ.

ಸಾರ್ವಜನಿಕರ ಕೈಯಲ್ಲಿರುವುದು ದಾಖಲೆ. ದಾಖಲಾಗಿ 48 ಗಂಟೆಗಳು ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ತಗುಲಿದ ಸೋಂಕೆಂದು ಪರಿಗಣಿಸಲಾಗುತ್ತದೆ. ಹೀಗಾಗಿ ಯಾವ ದಿನ, ಎಷ್ಟು ಗಂಟೆಗೆ ಮಾದರಿ ತೆಗೆಯಲಾಯಿತು ಎಂಬುದಕ್ಕೆ ಮಹತ್ವವಿದೆ. ತಾಲ್ಲೂಕು ಆಸ್ಪತ್ರೆಯಿಂದ ಬೆಳಗಾವಿಗೆ ಕಳುಹಿಸುವಾಗ ನೀಡುವ ಶಿಫಾರಸು ಪತ್ರದಲ್ಲಿ ಈವರೆಗೆ ಕೊಟ್ಟಿರುವ ಆಂಟಿಬಯೋಟಿಕ್‌ಗಳ ಹೆಸರು, ದಿನಗಳು ಹಾಗೂ ಕಲ್ಚರ್ ವರದಿ ಬಂದಿದ್ದರೆ ಅದರ ಪ್ರತಿ ಇರುವಂತೆ ಕೇಳಿ ಪಡೆಯತಕ್ಕದ್ದು. ಗೋವಾ ಅಥವಾ ಮಹಾರಾಷ್ಟ್ರದಲ್ಲಿ ಕಳೆದ ಒಂದು ವರ್ಷದಲ್ಲಿ ಒಳರೋಗಿಯಾಗಿದ್ದರೆ ಅದನ್ನು ದಾಖಲಾತಿಯ ವೇಳೆ ತಾವಾಗಿಯೇ ತಿಳಿಸಬೇಕು. ಇದರಿಂದ ಚಿಕಿತ್ಸೆ ನಿರಾಕರಿಸುತ್ತಾರೆಂಬ ಅಂಜಿಕೆ ಕೆಲವರಲ್ಲಿದೆ. ವಾಸ್ತವವಾಗಿ ಪ್ರತ್ಯೇಕ ಹಾಸಿಗೆ, ಸರಿಯಾದ ಮೊದಲ ಔಷಧ ಇವೆರಡೂ ಆ ಮಾಹಿತಿಯನ್ನು ಅವಲಂಬಿಸಿರುತ್ತವೆ.

ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ಕುರಿತ 2002ರ ವಿನಿಯಮಗಳ ಪ್ರಕಾರ ಒಳರೋಗಿಯ ವೈದ್ಯಕೀಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ 3 ವರ್ಷಗಳವರೆಗೆ ಕಾಯ್ದಿರಿಸತಕ್ಕದ್ದು. ರೋಗಿ ಅಥವಾ ಅವರಿಂದ ಅಧಿಕೃತರಾದವರು ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸತಕ್ಕದ್ದು. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಒಳಿತು. ಅರ್ಜಿಯಲ್ಲಿ ‘ಎಲ್ಲ ದಾಖಲೆಗಳು’ ಎಂದಷ್ಟೇ ಬರೆಯದೆ ‘ಕಲ್ಚರ್ ಹಾಗೂ ಔಷಧ ಸಂವೇದನೆಯ ಎಲ್ಲ ವರದಿಗಳು, ಮಾದರಿ ತೆಗೆದ ದಿನಾಂಕ ಮತ್ತು ವೇಳೆ ಸಹಿತ’ ಎಂದು ಪ್ರತ್ಯೇಕವಾಗಿ ನಮೂದಿಸಬೇಕು. ಬಿಡುಗಡೆ ಪತ್ರದಲ್ಲಿ ಇವು ಅನೇಕ ವೇಳೆ ಇರುವುದಿಲ್ಲ. ಸೋಂಕಿನ ಮೂಲದ ಬಗ್ಗೆ ಸಂಶಯವಿದ್ದಲ್ಲಿ, ಬೆಳೆಸಿದ ಬ್ಯಾಕ್ಟೀರಿಯಾವನ್ನು ಕಾಯ್ದಿರಿಸುವಂತೆ ವರದಿ ಬಂದ ದಿನವೇ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಬರೆದುಕೊಡಬಹುದು. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಸಂಬಂಧಿಸಿದ ದೂರುಗಳನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಲು ಅವಕಾಶವಿದೆ. ಸರ್ಕಾರಿ ಆಸ್ಪತ್ರೆಗಳಿಂದ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ದಾಖಲೆಗಳನ್ನು ಕೋರಬಹುದು. ಅದಕ್ಕೆ 30 ದಿನಗಳ ಕಾಲಾವಧಿ ಇರುವುದರಿಂದ ಬ್ಯಾಕ್ಟೀರಿಯಾವನ್ನು ಕಾಯ್ದಿರಿಸುವ ಕೋರಿಕೆಗೆ ಈ ಮಾರ್ಗವನ್ನು ನೆಚ್ಚಿ ಕೂರಬಾರದು. ಇತರ ರೋಗಿಗಳ ಹೆಸರು ಅಥವಾ ವರದಿಗಳನ್ನು ಯಾವ ಅರ್ಜಿಯ ಮೇಲೂ ನೀಡಲಾಗುವುದಿಲ್ಲ.